ಈ ಕೆರೆ, ಈ ಮರ



ನಮ್ಮ ನಾಡಿನ ಯಾವ ಊರಿನ ಶಾಲೆಗಾದರೂ ಹೋಗಿ, ಮಕ್ಕಳ ಕೈಗೆ ಬಿಳಿ ಹಾಳೆ ಕೊಟ್ಟು, ಒಂದು ಪ್ರಕೃತಿ ದೃಶ್ಯ ಬರೆಯಿರಿ ಎಂದು ಹೇಳಿ. ಎರಡು ಬೆಟ್ಟ ಬರುತ್ತವೆ, ಬೆಟ್ಟಗಳ ನಡುವೆ ಸೂರ್ಯ ಬರುತ್ತಾನೆ, ಕೆಳಗೆ ನೀಲಿ ನೀರು, ದಡದಲ್ಲಿ ಒಂದು ತೆಂಗಿನಮರ, ಮೇಲೆ ನಾಲ್ಕು ಹಕ್ಕಿ. ಬೀದರಿನಲ್ಲೂ ಇದೇ, ಮಡಿಕೇರಿಯಲ್ಲೂ ಇದೇ, ಗಡಿಯಾಚೆಯ ಕಾಸರಗೋಡಿನಲ್ಲೂ ಇದೇ. ಬಯಲುಸೀಮೆಯ ಮಗುವಿನ ಮನೆಯೆದುರು ಅಂಥ ಬೆಟ್ಟಗಳಿರುವುದಿಲ್ಲ. ಅಲ್ಲಿರುವುದು ಏರಿಯ ಮೇಲಿನ ಹುಣಸೆಮರ, ಬೇಸಿಗೆಗೆ ಬಿರುಕುಬಿಟ್ಟ ಕೆರೆಯಂಗಳ, ತೂಬಿನ ಹತ್ತಿರ ಉಳಿದ ಒಂದಿಷ್ಟು ಕೆಂಪು ನೀರು. ಅದು ಹಾಳೆಯ ಮೇಲೆ ಇಳಿಯುವುದಿಲ್ಲ. ನಾನಿರುವ ರೆಡೊಂಡೊ ಬೀಚ್ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ, ಲಾಸ್ ಏಂಜಲೀಸಿನ ದಕ್ಷಿಣಕ್ಕಿರುವ ಊರು. ಇಲ್ಲಿ ಹುಟ್ಟಿ ಬೆಳೆದ ಕನ್ನಡದ ಮಕ್ಕಳೂ ಅದೇ ಎರಡು ಬೆಟ್ಟ, ಅದೇ ತೆಂಗಿನಮರ ಬರೆಯುತ್ತಾರೆ. ಅಪ್ಪ ಅಮ್ಮ ಕಲಿಸಿದ್ದು ಅದನ್ನೇ.

ಕೆರೆಯ ಪಕ್ಕದ ಮರ ಎಂಬ ಈ ಹಳೆಯ ಚಿತ್ರವಸ್ತುವಿನ ಬಗ್ಗೆ ನಾನು ಇವತ್ತು ಮಾತಾಡಬೇಕೆಂದಿದ್ದೇನೆ. ನನ್ನ ಮಾತಿನ ತಿರುಳು ಇಷ್ಟು: ಎಲ್ಲೋ ಒಂದು ಕೆರೆ, ಯಾವುದೋ ಒಂದು ಮರ ಬರೆಯುವುದು ಬೇರೆ, ಈ ಕೆರೆಯನ್ನು, ಈ ಮರವನ್ನು, ಅದರ ಎದುರಿಗೆ ನಿಂತು ಬರೆಯುವುದು ಬೇರೆ. ಮೊದಲನೆಯದು ಗೋಡೆಯನ್ನು ಅಲಂಕರಿಸುತ್ತದೆ. ಎರಡನೆಯದು ಒಂದು ಜಾಗವನ್ನು ಕಾಪಾಡುತ್ತದೆ.

ಮೊದಲು ರೆಡೊಂಡೊದ ಕೆರೆಯ ಕಥೆ ಕೇಳಿ. ಈ ಊರೆಂದರೆ ಎಲ್ಲರ ಕಣ್ಣಿಗೆ ಬರುವುದು ಪೆಸಿಫಿಕ್ ಸಾಗರ, ಮರಳು, ಅಲೆಯ ಮೇಲೆ ಹಲಗೆ ಓಡಿಸುವ ಹುಡುಗರು. ಆದರೆ ಸಮುದ್ರಕ್ಕೆ ತೀರ ಸಮೀಪದಲ್ಲಿ ಇಲ್ಲೊಂದು ಉಪ್ಪುನೀರಿನ ಸರೋವರವಿತ್ತು. ಈ ನೆಲದ ಮೂಲನಿವಾಸಿಗಳಾದ ಟೋಂಗ್ವ ಜನ ಅಲ್ಲಿಂದ ಉಪ್ಪು ಸಂಗ್ರಹಿಸುತ್ತಿದ್ದರು. 1850ರ ದಶಕದಲ್ಲಿ ಜಾನ್ಸನ್ ಮತ್ತು ಅಲನ್‌ಸನ್ ಎಂಬಿಬ್ಬರು ಅದರ ದಡದಲ್ಲಿ ಉಪ್ಪಿನ ಕಾರ್ಖಾನೆ ಕಟ್ಟಿದರು. ಬಿಸಿಲಿಗೆ ಒಣಗಿಸಿಯೂ ಬೆಂಕಿಗೆ ಕಾಯಿಸಿಯೂ ಉಪ್ಪು ತೆಗೆದರು. 1879ರಲ್ಲಿ ಹೊರಟ ಉಪ್ಪು 450 ಟನ್. ಆಮೇಲೆ ಉಪ್ಪಿನ ಕೆಲಸ ನಿಂತಿತು. ಸರೋವರದ ಜಾಗದಲ್ಲಿ ವಿದ್ಯುತ್ ಸ್ಥಾವರದ ಚಿಮಣಿಗಳು ಎದ್ದವು. ಆ ಸ್ಥಾವರವೂ 2023ರ ಕೊನೆಗೆ ಕೆಲಸ ನಿಲ್ಲಿಸಿತು. ಈಗ ಅಲ್ಲಿ ಕೆರೆಯ ಗುರುತಾಗಿ ಇರುವುದು ಕ್ಯಾಲಿಫೋರ್ನಿಯಾದ 373ನೆಯ ಐತಿಹಾಸಿಕ ಸ್ಮಾರಕವೆಂಬ ಒಂದು ಫಲಕ.

ಆ ಫಲಕದ ಮುಂದೆ ನಿಂತರೆ ಸರೋವರದಿಂದ ಎಷ್ಟು ಉಪ್ಪು ಬಂತೆಂದು ತಿಳಿಯುತ್ತದೆ. ನೀರಿಗೆ ಯಾವ ಬಣ್ಣವಿತ್ತು, ಮಧ್ಯಾಹ್ನ ಮಂಜು ಸರಿದಾಗ ಅದು ಹೇಗೆ ಹೊಳೆಯುತ್ತಿತ್ತು, ದಡದಲ್ಲಿ ಯಾವ ಗಿಡ ಬಾಗಿ ನಿಂತಿತ್ತು ಎಂಬುದನ್ನು ಫಲಕ ಹೇಳಲಾರದು. ಲೆಕ್ಕದ ಪುಸ್ತಕಕ್ಕೆ ಸಿಕ್ಕಿದ್ದು ತೂಕ ಮಾತ್ರ. ತೂಕಕ್ಕೆ ಸಿಗದ ಎಲ್ಲವೂ ನೀರಿನ ಜೊತೆಗೇ ಹೋಯಿತು. ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ಜೋಡಣೆಯಾದದ್ದು ಇದೇ ರೆಡೊಂಡೊ ಬೀಚಿನಲ್ಲಿ. 2021ರ ಡಿಸೆಂಬರ್ 25ರಂದು ಆಕಾಶಕ್ಕೆ ಹಾರಿದ ಅದು ಕೋಟ್ಯಂತರ ವರ್ಷಗಳ ಹಿಂದೆ ಹೊರಟ ಬೆಳಕನ್ನು ಇವತ್ತು ನೋಡುತ್ತಿದೆ. ಅಷ್ಟು ದೂರದ ಬೆಳಕನ್ನು ಹಿಡಿದಿಡಲು ಬಲ್ಲ ಊರಿನಲ್ಲಿ, ನೂರೈವತ್ತು ವರ್ಷಗಳ ಹಿಂದೆ ಮನೆಬಾಗಿಲಲ್ಲೇ ಇದ್ದ ನೀರಿನ ಬೆಳಕು ಹೇಗಿತ್ತೆಂದು ಕೇಳಿದರೆ ಫಲಕದ ನಾಲ್ಕು ಸಾಲಷ್ಟೇ ಉತ್ತರ. ನಿಸರ್ಗಚಿತ್ರ ಏಕೆ ಬೇಕು ಎಂಬ ಪ್ರಶ್ನೆಗೆ ನನಗೆ ಇದಕ್ಕಿಂತ ದೊಡ್ಡ ಕಾರಣ ಕಾಣುವುದಿಲ್ಲ.

ಇದೇ ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಚಿತ್ರಕಾರರ ಒಂದು ದೊಡ್ಡ ತಂಡ ಬಂತು. ಕೆಲವರು ಪ್ಯಾರಿಸಿನಲ್ಲಿ ಕಲಿತವರು, ಕೆಲವರು ತಮ್ಮಷ್ಟಕ್ಕೆ ತಾವೇ ಕಲಿತವರು. ಅವರಲ್ಲಿ ಹಲವರು ಸೇರಿ 1909ರಲ್ಲಿ ಲಾಸ್ ಏಂಜಲೀಸಿನಲ್ಲಿ ಕ್ಯಾಲಿಫೋರ್ನಿಯಾ ಆರ್ಟ್ ಕ್ಲಬ್ ಕಟ್ಟಿದರು. ಚಿತ್ರಶಾಲೆಯ ನಾಲ್ಕು ಗೋಡೆಗಳ ನಡುವೆ ಕುಳಿತು ನೆನಪಿನಿಂದ ಬರೆಯುವುದು ಅವರಿಗೆ ಸಾಕಾಗುತ್ತಿರಲಿಲ್ಲ. ಬಣ್ಣದ ಪೆಟ್ಟಿಗೆ ಹೆಗಲಿಗೇರಿಸಿ ಬಯಲಿಗೆ ಹೋಗುತ್ತಿದ್ದರು. ಇದು ಸಾಧ್ಯವಾದದ್ದಕ್ಕೆ ಒಂದು ಸಣ್ಣ ವಸ್ತುವೂ ಕಾರಣ. 1841ರಲ್ಲಿ ಜಾನ್ ಗಾಫ್ ರ್‍ಯಾಂಡ್ ಎಂಬ ಅಮೆರಿಕನ್ ಚಿತ್ರಕಾರ, ಹಿಂಡಿದರೆ ಬಣ್ಣ ಬರುವ ತವರದ ಟ್ಯೂಬು ಕಂಡುಹಿಡಿದ. ಅದಕ್ಕೆ ಮೊದಲು ಎಣ್ಣೆಬಣ್ಣವನ್ನು ಅರೆದು, ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡಬೇಕಿತ್ತು. ಟ್ಯೂಬು ಬಂದ ಮೇಲೆ ಚಿತ್ರಕಾರ ಕೆರೆಯ ದಡದವರೆಗೂ ಸುಲಭವಾಗಿ ನಡೆದು ಹೋಗಬಲ್ಲವನಾದ.

ಈ ಚಿತ್ರಕಾರರಲ್ಲಿ ನನ್ನ ಮನಸ್ಸಿಗೆ ತುಂಬ ಹತ್ತಿರದವನು ಗ್ರ್ಯಾನ್‌ವಿಲ್ ರೆಡ್‌ಮಂಡ್. 1871ರಲ್ಲಿ ಹುಟ್ಟಿದ. ಎಳವೆಯಲ್ಲೇ ಜ್ವರ ಬಂದು ಕಿವಿ ಹೋಯಿತು, ಮಾತೂ ಬರಲಿಲ್ಲ. ಬರ್ಕ್ಲಿಯ ಕಿವುಡರ ಶಾಲೆಯಲ್ಲಿ ಥಿಯೊಫಿಲಸ್ ಡೆಸ್ಟ್ರೆಲ್ಲ ಎಂಬ ಗುರು, ಆತನೂ ಕಿವುಡನೇ, ಹುಡುಗನ ಕೈಯಲ್ಲಿರುವ ಕಲೆಯನ್ನು ಗುರುತಿಸಿ ಬೆಳೆಸಿದ. 1893ರಲ್ಲಿ ರೆಡ್‌ಮಂಡ್ ಪ್ಯಾರಿಸಿಗೆ ಹೋಗಿ ಅಕಾಡೆಮಿ ಜೂಲಿಯನ್‌ನಲ್ಲಿ ಕಲಿತು, ಮರಳಿ ಲಾಸ್ ಏಂಜಲೀಸಿಗೆ ಬಂದ. ಓಕ್ ಮರಗಳು, ಕೊಳದ ನಿಂತ ನೀರು, ಬೆಳದಿಂಗಳು, ಸಂಜೆಯ ಮಬ್ಬು ಅವನ ಪ್ರೀತಿಯ ವಸ್ತುಗಳು. ಕೊಳ್ಳುವವರಿಗೆ ಬೇಕಾಗಿದ್ದುದು ಬೇರೆ. ಬೆಟ್ಟದ ತುಂಬ ಅರಳಿದ ಕಿತ್ತಳೆ ಬಣ್ಣದ ಪಾಪಿ ಹೂಗಳ ಚಿತ್ರವನ್ನೇ ಅವರು ಕೇಳುತ್ತಿದ್ದರು. ಸಂಸಾರ ನಡೆಯಬೇಕಲ್ಲ, ಅವನ್ನೂ ಬರೆದ, ಚೆನ್ನಾಗಿಯೇ ಬರೆದ. ತನಗಿಷ್ಟವಾದದ್ದು ಏಕಾಂತದ, ಮೌನದ ಚಿತ್ರಗಳೇ ಎಂಬುದನ್ನು ಮಾತ್ರ ಅವನು ಮುಚ್ಚಿಡಲಿಲ್ಲ.

ಮೂಕಚಿತ್ರಗಳ ಚಾರ್ಲಿ ಚಾಪ್ಲಿನ್ ಈ ರೆಡ್‌ಮಂಡನ ಗೆಳೆಯ. ತನ್ನ ಸ್ಟುಡಿಯೋದ ಆವರಣದಲ್ಲೇ ಅವನಿಗೆ ಚಿತ್ರ ಬರೆಯಲು ಜಾಗ ಕೊಟ್ಟ, ತನ್ನ ಸಿನಿಮಾಗಳಲ್ಲಿ ಸಣ್ಣ ಪಾತ್ರಗಳನ್ನೂ ಕೊಟ್ಟ. 1931ರ ಸಿಟಿ ಲೈಟ್ಸ್ ಚಿತ್ರದ ಆರಂಭದಲ್ಲಿ ಪ್ರತಿಮೆಯ ಅನಾವರಣ ನಡೆಯುತ್ತದಲ್ಲ, ಅಲ್ಲಿ ಶಿಲ್ಪಿಯಾಗಿ ಕಾಣಿಸಿಕೊಳ್ಳುವವನು ಇವನೇ. ಒಬ್ಬ ಮಾತಿಲ್ಲದೆ ಕಥೆ ಹೇಳಬಲ್ಲವನು, ಇನ್ನೊಬ್ಬ ಶಬ್ದವಿಲ್ಲದ ಲೋಕದಲ್ಲೇ ಬದುಕಿದವನು. ರೆಡ್‌ಮಂಡನ ಕೊಳಗಳನ್ನು ನೋಡುವಾಗ ಕಣ್ಣಿಗೆ ನಿಧಾನ ಬರುತ್ತದೆ. ಅಲ್ಲಿ ಏನೂ ನಡೆಯುವುದಿಲ್ಲ. ಮರವಿದೆ, ನೀರಿದೆ, ನೀರಿನಲ್ಲಿ ಬೆಳಕಿದೆ. ಹೊತ್ತು ಕಳೆದಂತೆ ನೆರಳಿನೊಳಗೆ ನೇರಳೆ ಕಾಣುತ್ತದೆ, ನೇರಳೆಯೊಳಗೆ ಹಸಿರು ಕಾಣುತ್ತದೆ. ಕಿವಿಯ ಕೆಲಸವನ್ನೂ ಕಣ್ಣಿಗೇ ವಹಿಸಿದ ಮನುಷ್ಯ ಹೀಗೆ ನೋಡಿದ.

ಎಡ್ಗರ್ ಪೇನ್ ಎಂಬ ಇನ್ನೊಬ್ಬನದು ಬೇರೆ ಹಾದಿ. ಮಿಸೌರಿಯಲ್ಲಿ 1883ರಲ್ಲಿ ಹುಟ್ಟಿದ ಈತ ಬಹುಮಟ್ಟಿಗೆ ತಾನೇ ಕಲಿತವನು. ಸಿಯೆರಾ ನೆವಾಡ ಪರ್ವತದ ಎತ್ತರದಲ್ಲಿ, ಹಿಮ ಕರಗಿ ನಿಂತ ಸರೋವರಗಳನ್ನು ಹುಡುಕಿಕೊಂಡು ಹೇಸರಗತ್ತೆಗಳ ಮೇಲೆ ಸಾಮಾನು ಹೇರಿ ಹೋಗುತ್ತಿದ್ದ. ಆ ನೀರನ್ನು, ಬಂಡೆಗಳಿಗೆ ಅಂಟಿಕೊಂಡ ಪೈನ್ ಮರಗಳನ್ನು ಎಷ್ಟು ಸಲ ಬರೆದನೆಂದರೆ, ಅಲ್ಲಿನ ಒಂದು ಸರೋವರಕ್ಕೆ ಈಗ ಅವನದೇ ಹೆಸರು. 1941ರಲ್ಲಿ ಅವನು ಬಯಲುಚಿತ್ರದ ಸಂಯೋಜನೆಯನ್ನು ಕುರಿತು ಬರೆದ ಪುಸ್ತಕವನ್ನು ಇಂದಿಗೂ ಕಲಿಯುವವರು ಓದುತ್ತಾರೆ.

ಆ ಪರ್ವತಗಳ ಮೂಡಣ ತಪ್ಪಲಿನಲ್ಲಿ ಓವೆನ್ಸ್ ಎಂಬ ವಿಶಾಲ ಸರೋವರವೂ ಇತ್ತು. 1913ರ ನವೆಂಬರಿನಲ್ಲಿ ಲಾಸ್ ಏಂಜಲೀಸ್ ನಗರ ಇನ್ನೂರು ಮೈಲಿಗೂ ಹೆಚ್ಚು ಉದ್ದದ ಕಾಲುವೆ ತೆರೆದು, ಆ ಸರೋವರಕ್ಕೆ ಹರಿಯುತ್ತಿದ್ದ ಹೊಳೆಯ ನೀರನ್ನು ತನ್ನ ಕಡೆಗೆ ತಿರುಗಿಸಿಕೊಂಡಿತು. 1920ರ ದಶಕ ಮುಗಿಯುವುದರೊಳಗೆ ಸರೋವರ ಒಣಗಿ, ಗಾಳಿ ಬಂದಾಗಲೆಲ್ಲ ಉಪ್ಪುಧೂಳು ಏಳುವ ಬಯಲಾಯಿತು. ಧೂಳು ಹಿಡಿಯಲು ನಗರ ಇವತ್ತಿಗೂ ಹಣ ಸುರಿಯುತ್ತಿದೆ. ಪೇನ್ ಮೇಲೆ ಪರ್ವತದಲ್ಲಿ ನೀರನ್ನು ಬರೆಯುತ್ತಿದ್ದ ವರ್ಷಗಳಲ್ಲೇ ಕೆಳಗೆ ಕಣಿವೆಯಲ್ಲಿ ನೀರು ಬತ್ತುತ್ತಿತ್ತು. ಸರೋವರ ಶಾಶ್ವತವೆಂದು ನಾವು ಅಂದುಕೊಳ್ಳುತ್ತೇವೆ. ಒಂದು ತಲೆಮಾರು ಸಾಕು, ಅದು ಇಲ್ಲವಾಗಲು.

ಇನ್ನು ಮರದ ವಿಷಯ. ಆ ಕಾಲದ ಕ್ಯಾಲಿಫೋರ್ನಿಯಾ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುವ ಮರವನ್ನು ಕನ್ನಡಿಗರು ನೋಡಿದ ತಕ್ಷಣ ಗುರುತಿಸುತ್ತಾರೆ. ಉದ್ದಕ್ಕೆ ಬೆಳೆದ ಕಾಂಡ, ಸುಲಿದು ಜೋತುಬಿದ್ದ ತೊಗಟೆ, ಒಳಗಿನ ಬಿಳುಪು, ಜೋತಾಡುವ ಬೂದುಹಸಿರು ಎಲೆ. ನಮ್ಮ ನೀಲಗಿರಿ ಮರವೇ ಅದು. ವಿಮರ್ಶಕರು ಈ ಚಿತ್ರಕಾರರನ್ನು ಯೂಕಲಿಪ್ಟಸ್ ಪಂಥದವರು ಎಂದೇ ಕರೆದರು. ಆಸ್ಟ್ರೇಲಿಯಾದ ಈ ಮರ 1850ರ ದಶಕದಲ್ಲಿ, ಚಿನ್ನದ ಬೇಟೆಯ ಕಾಲದಲ್ಲಿ ಇಲ್ಲಿಗೆ ಬಂತು. ರೆಡೊಂಡೊದ ಉತ್ತರಕ್ಕಿರುವ ವೆನಿಸ್ ಪಟ್ಟಣವನ್ನು ಕಟ್ಟಿದ ಆಬಟ್ ಕಿನ್ನಿ ಇದರ ಬಗ್ಗೆ 1895ರಲ್ಲಿ ಪುಸ್ತಕವನ್ನೇ ಬರೆದ. ನಾಟಾದಿಂದ ಲಾಭ ಬರುತ್ತದೆಂದು ಜನ ಸಾವಿರಾರು ಎಕರೆಯಲ್ಲಿ ನೆಟ್ಟರು. ಎಳೆಯ ಮರ ಕೊಯ್ದರೆ ಒಣಗುವಾಗ ಸೊಟ್ಟಗಾಗುತ್ತದೆ, ಸೀಳುತ್ತದೆ, ವ್ಯಾಪಾರ ಕುದುರಲಿಲ್ಲ. ಕಡಿಯುವವರಿಲ್ಲದೆ ತೋಪುಗಳು ಹಾಗೇ ಉಳಿದವು, ಚಿತ್ರಕಾರರಿಗೆ ದಕ್ಕಿದವು. ಸ್ಯಾನ್ ಗೇಬ್ರಿಯಲ್‌ನಲ್ಲಿ ಹುಟ್ಟಿ, ಫ್ರಾನ್ಸಿನ ಜಿವರ್ನಿಯಲ್ಲಿ ಚಿತ್ರಕಾರ ಮೋನೆಯ ನೆರೆಯಲ್ಲಿ ವರ್ಷಗಟ್ಟಲೆ ಇದ್ದು, 1914ರಲ್ಲಿ ಲಾಸ್ ಏಂಜಲೀಸಿಗೆ ಮರಳಿದ ಗೈ ರೋಸ್, ಲಗೂನಾದ ಕಡಲತೀರದ ನೀಲಗಿರಿಗಳನ್ನು ಬರೆದ ಚಿತ್ರದಲ್ಲಿ ಎಲೆಗಳ ನಡುವಿನ ಗಾಳಿಯೂ ಕಾಣುತ್ತದೆ.

ನಮ್ಮಲ್ಲಿ ಈ ಮರ ಬಂದದ್ದು ಕ್ಯಾಲಿಫೋರ್ನಿಯಾಕ್ಕಿಂತ ಮೊದಲೇ. 1790ರ ಸುಮಾರಿಗೆ, ಟಿಪ್ಪು ಸುಲ್ತಾನನ ಕಾಲದಲ್ಲಿ, ನಂದಿಬೆಟ್ಟದ ತೋಟದಲ್ಲಿ ಇದನ್ನು ನೆಡಲಾಯಿತೆಂಬುದು ಅರಣ್ಯಶಾಸ್ತ್ರದ ಗ್ರಂಥಗಳಲ್ಲಿ ಬರುವ ಮಾತು. ಅಲ್ಲಿಂದ ಹಬ್ಬಿದ ತಳಿಗೆ ಲೋಕದ ತೋಟಗಾರರು ಮೈಸೂರು ಗಮ್ ಎಂದೇ ಹೆಸರಿಟ್ಟರು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರದ ರಾಗಿ ಹೊಲಗಳೇ ನೀಲಗಿರಿ ತೋಪುಗಳಾದವು. ಅಂತರ್ಜಲ ಇಳಿಯಿತು, ಕೆರೆಗಳು ಬರಿದಾದವು ಎಂದು ರೈತರು ಕೂಗಿ ಹೇಳಿದರು. ಕೊನೆಗೆ 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಹಾಗಾಗಿ ಕೋಲಾರದ ಕಡೆಯವರು ಕೆರೆಯ ಪಕ್ಕದಲ್ಲಿ ನೀಲಗಿರಿ ನಿಂತ ಚಿತ್ರವನ್ನು ನೋಡುವಾಗ, ಲಾಸ್ ಏಂಜಲೀಸಿನವರು ನೋಡಿದಂತೆ ನೋಡಲಾರರು. ಅವರಿಗೆ ಆ ಮರದ ಚೆಲುವಿನ ಜೊತೆ ಅದರ ಬಾಯಾರಿಕೆಯೂ ಕಾಣುತ್ತದೆ. ಎರಡೂ ನಿಜ. ಒಳ್ಳೆಯ ಚಿತ್ರ ಮರವನ್ನು ಹೊಗಳುವುದೂ ಇಲ್ಲ, ತೆಗಳುವುದೂ ಇಲ್ಲ. ಈ ಮರ ಇಲ್ಲಿ ಹೀಗಿತ್ತು ಎಂದು ಸಾಕ್ಷಿ ಹೇಳುತ್ತದೆ. ತೀರ್ಮಾನ ಮಾಡಲು ಮುಂದಿನವರಿಗೆ ಆ ಸಾಕ್ಷಿ ಬೇಕು.

ಕರಾವಳಿಯಗುಂಟ ದಕ್ಷಿಣಕ್ಕೆ ಹೋದರೆ ಸ್ಯಾನ್ ಡಿಯಾಗೊ ಸಿಗುತ್ತದೆ. ಅಲ್ಲಿ ಪಾಯಿಂಟ್ ಲೋಮ ಎಂಬ ಗುಡ್ಡದ ಮೇಲೆ ಕ್ಯಾಥರಿನ್ ಟಿಂಗ್ಲಿ ನಡೆಸುತ್ತಿದ್ದ ಥಿಯಾಸಫಿ ಆಶ್ರಮವಿತ್ತು. ಹಂಗೆರಿಯಲ್ಲಿ ಹುಟ್ಟಿದ ಮೊರಿಸ್ ಬ್ರೌನ್ ಎಂಬ ಚಿತ್ರಕಾರ 1910ರ ಸುಮಾರಿಗೆ ಅಲ್ಲಿಗೆ ಬಂದು ನೆಲೆಸಿದ. ಭಾರತದ ದರ್ಶನಗಳ ಗಾಳಿ ಬೀಸುತ್ತಿದ್ದ ಆ ಗುಡ್ಡದಲ್ಲಿ, ಹೊರಗಿನ ನಿಸರ್ಗದಲ್ಲಿ ಒಳಗಿನ ಸಾಮರಸ್ಯವನ್ನು ಕಾಣುವ ಹಂಬಲದಿಂದ ಅವನು ನೀಲಗಿರಿಗಳನ್ನು, ಗುಡ್ಡಗಳನ್ನು, ಹೊನ್ನಿನ ಬೆಳಕನ್ನು ಬರೆದ. ಅದೇ ಊರಿನಲ್ಲಿ ಕೇಟ್ ಸೆಷನ್ಸ್ ಎಂಬ ತಾಯಿಯಿದ್ದಳು. 1892ರಲ್ಲಿ ನಗರದ ಉದ್ಯಾನದಲ್ಲಿ ಸಸಿಮಡಿಗೆ ಜಾಗ ಪಡೆದು, ಬದಲಿಗೆ ವರ್ಷಕ್ಕೆ ನೂರು ಮರ ಅಲ್ಲೇ ನೆಡುವೆನೆಂದು ಒಪ್ಪಂದ ಮಾಡಿಕೊಂಡವಳು. ಬರಡು ದಿಬ್ಬವಾಗಿದ್ದ ಆ ಜಾಗವೇ ಇಂದಿನ ಬಾಲ್ಬೋವ ಪಾರ್ಕ್. ಸ್ಯಾನ್ ಡಿಯಾಗೊದ ಬೀದಿಗಳಲ್ಲಿ ನೇರಳೆ ಬಣ್ಣದ ಜಕರಂದ ಹಬ್ಬಿಸಿದವಳೂ ಇವಳೇ. ಬೆಂಗಳೂರಿನಲ್ಲಿ ಅದೇ ಕೆಲಸ ಮಾಡಿದವರು 1908ರಲ್ಲಿ ಲಾಲ್‌ಬಾಗಿಗೆ ಬಂದ ತೋಟಗಾರಿಕೆಯ ತಜ್ಞ ಕೃಂಬೀಗಲ್. ಮರ ನೆಡುವವರು ಮೊದಲು, ಬರೆಯುವವರು ಆಮೇಲೆ. ಇಬ್ಬರೂ ಸೇರಿದಾಗ ಒಂದು ಊರಿಗೆ ಮುಖ ಬರುತ್ತದೆ.

ಕೇಳುಗರೇ, ಇದೆಲ್ಲ ಪರದೇಶದ ಮಾತೆಂದು ಭಾವಿಸಬೇಡಿ. ನಮ್ಮ ಕೆ. ವೆಂಕಟಪ್ಪನವರನ್ನು ನೆನೆಯೋಣ. ಮೈಸೂರಿನ ಚಿತ್ರಗಾರರ ಮನೆತನದವರು, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ ಪಡೆದವರು, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಶಿಷ್ಯರು, ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತವರು. ಪುರಾಣದ ವಸ್ತುಗಳಲ್ಲಿ ಪಳಗಿದ್ದ ಆ ಕೈ 1926ರಲ್ಲಿ ಊಟಿಗೆ ಹೋಗಿ ಜಲವರ್ಣದಲ್ಲಿ ನಿಸರ್ಗವನ್ನು ಹಿಡಿಯಿತು. ಬೆಟ್ಟದ ಮೇಲೆ ತೆವಳುವ ಮೋಡ, ಮಳೆ ಬರುವ ಮುನ್ನದ ಬಿಗಿತ, ಬೆಳದಿಂಗಳಲ್ಲಿ ಮಲಗಿದ ಊರು. ಊಟಿಯ ಕೆರೆಯೂ ಮನುಷ್ಯ ಕಟ್ಟಿದ್ದೇ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಜಾನ್ ಸಲಿವನ್ ಎಂಬ ಬ್ರಿಟಿಷ್ ಅಧಿಕಾರಿ ಹಳ್ಳಕ್ಕೆ ಒಡ್ಡು ಹಾಕಿ ಮಾಡಿಸಿದ್ದು. ಅಲ್ಲೂ ದಡದಲ್ಲಿ ನೀಲಗಿರಿ ಮರಗಳೇ. ಲಾಸ್ ಏಂಜಲೀಸಿನವರು ದಪ್ಪ ಎಣ್ಣೆಬಣ್ಣ ಮೆತ್ತಿ ಬಿಸಿಲನ್ನು ಹಿಡಿಯುತ್ತಿದ್ದ ಅದೇ ದಶಕದಲ್ಲಿ, ಭೂಮಿಯ ಇನ್ನೊಂದು ಬದಿಯಲ್ಲಿ ಈ ಕನ್ನಡಿಗರು ತೆಳುನೀರಿನ ಪದರದ ಮೇಲೆ ಪದರ ಹಾಯಿಸಿ ಮಂಜನ್ನು ಹಿಡಿದರು. ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಯಲ್ಲಿ ಅವನ್ನು ನೋಡದೆ ಬರಬೇಡಿ.

ರುಮಾಲೆ ಚನ್ನಬಸವಯ್ಯನವರು ಇನ್ನೊಬ್ಬರು. 1910ರಲ್ಲಿ ದೊಡ್ಡಬಳ್ಳಾಪುರದ ಕಡೆ ಹುಟ್ಟಿದರು. ಸ್ವಾತಂತ್ರ್ಯ ಹೋರಾಟಗಾರರು, ತಾಯಿನಾಡು ಪತ್ರಿಕೆಯ ಸಂಪಾದಕರಾಗಿದ್ದವರು, ವಿಧಾನ ಪರಿಷತ್ತಿನಲ್ಲಿ ಕುಳಿತವರು. ಬದುಕಿನ ಉತ್ತರಾರ್ಧದಲ್ಲಿ ಅವೆಲ್ಲವನ್ನೂ ಬದಿಗಿಟ್ಟು ಬಣ್ಣ ಹಿಡಿದು ಬೆಂಗಳೂರಿನ ಬೀದಿ, ಉದ್ಯಾನ, ಹೂಬಿಟ್ಟ ಮರಗಳ ಎದುರಿಗೆ ನಿಂತರು. ಗುಲ್‌ಮೊಹರ್, ಜಕರಂದ, ಟಬೂಬಿಯ ಅವರ ಕ್ಯಾನ್ವಾಸಿನ ಮೇಲೆ ಹೊತ್ತಿ ಉರಿಯುತ್ತವೆ. ಅವರು ಬರೆದ ಕೆಲವು ಜಾಗಗಳನ್ನು ಇಂದಿನ ಬೆಂಗಳೂರಿನಲ್ಲಿ ಹುಡುಕಿದರೆ ಮೇಲುಸೇತುವೆ ಸಿಗುತ್ತದೆ, ಮರ ಸಿಗುವುದಿಲ್ಲ. 1988ರಲ್ಲಿ ತೀರಿಕೊಂಡ ಆ ಹಿರಿಯರು, ಊರು ತನ್ನ ಹೂಗಳನ್ನು ಮರೆಯುವ ಮೊದಲೇ ನಮಗಾಗಿ ಬರೆದಿಟ್ಟು ಹೋದರು.

ಈಗ ಸ್ವಲ್ಪ ಕೈಕೆಲಸದ ಮಾತು. ಕೆರೆಯ ಪಕ್ಕದ ಮರ ಬರೆಯುವುದು ಸುಲಭವೆನ್ನಿಸುತ್ತದೆ. ಮರ ಬರೆದು, ಅದನ್ನೇ ತಲೆಕೆಳಗು ಮಾಡಿ ನೀರಿನಲ್ಲಿ ಬರೆದರಾಯಿತು ಎಂದು ತೋರುತ್ತದೆ. ದಡದಲ್ಲಿ ಕುಳಿತು ನೋಡಿದರೆ ಹಾಗಿಲ್ಲ. ನೀರಿನ ಬಿಂಬ ಮರದ ನಕಲು ಅಲ್ಲವೇ ಅಲ್ಲ. ನಮ್ಮ ಕಣ್ಣು ನೀರಿಗಿಂತ ಮೇಲಿರುತ್ತದೆ, ಬಿಂಬವಾದರೋ ಮರವನ್ನು ಕೆಳಗಿನಿಂದ ನೋಡಿದಂತೆ ತೋರಿಸುತ್ತದೆ. ಎದುರಿಗೆ ನಿಂತಾಗ ಕಾಣದ ಕೊಂಬೆಯ ಅಡಿಭಾಗ ನೀರಿನಲ್ಲಿ ಕಾಣುತ್ತದೆ. ಮರ ದಡದಿಂದ ತುಸು ಹಿಂದೆ ನಿಂತಿದ್ದರೆ, ಅದರ ಬುಡದ ಬಿಂಬವನ್ನು ದಡವೇ ನುಂಗಿಬಿಡುತ್ತದೆ. ಕಪ್ಪಾದದ್ದು ನೀರಿನಲ್ಲಿ ಕೊಂಚ ತಿಳಿಯಾಗುತ್ತದೆ, ಬೆಳ್ಳಗಿದ್ದದ್ದು ಕೊಂಚ ಮಂಕಾಗುತ್ತದೆ. ಸಣ್ಣ ಅಲೆಯೆದ್ದರೆ ಬಿಂಬ ನಮ್ಮ ಕಡೆಗೆ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಎಲೆಗಳ ಸಂದಿಯಲ್ಲಿ ಕಾಣುವ ಆಕಾಶದ ಚೂರುಗಳನ್ನು ತೆರೆದ ಆಕಾಶದಷ್ಟೇ ಬೆಳ್ಳಗೆ ಬರೆದರೆ ಅವು ಮರಕ್ಕೆ ತೂತು ಕೊರೆದಂತೆ ಕಾಣುತ್ತವೆ. ಒಂದು ಪಾವು ಮಬ್ಬು ಬೆರೆಸಬೇಕು.

ನಮ್ಮ ಬಯಲುಸೀಮೆಯ ಕೆರೆಗಳಿಗೇ ವಿಶೇಷವಾಗಿ ಒಪ್ಪುವ ಇನ್ನೊಂದು ಸಂಗತಿಯಿದೆ. ತಿಳಿನೀರಿನ ಮೇಲೆ ಮರದ ನೆರಳು ಬೀಳುವುದು ಕಾಣುವುದಿಲ್ಲ, ಬಿಂಬ ಮಾತ್ರ ಕಾಣುತ್ತದೆ. ಕದಡಿದ ನೀರಾದರೆ ಅದರಲ್ಲಿ ತೇಲುವ ಮಣ್ಣಿನ ಕಣಗಳು ಬಿಸಿಲನ್ನು ಹಿಡಿಯುತ್ತವೆ, ಹಾಗಾಗಿ ನೆರಳೂ ಕಾಣುತ್ತದೆ. ಮಳೆಗಾಲ ಮುಗಿದ ಹೊಸತರಲ್ಲಿ ಕೋಲಾರದ್ದೋ ತುಮಕೂರಿನದ್ದೋ ಕೆಮ್ಮಣ್ಣಿನ ಕೆರೆಯ ದಡದಲ್ಲಿ ನಿಂತು ನೋಡಿ: ಒಂದೇ ಮರ ನೀರಿನಲ್ಲಿ ಎರಡು ಸಲ ಇರುತ್ತದೆ, ಬಿಂಬವಾಗಿ ನಮ್ಮ ಕಡೆಗೆ ಒಮ್ಮೆ, ನೆರಳಾಗಿ ಸೂರ್ಯನಿಗೆ ಬೆನ್ನು ಮಾಡಿ ಇನ್ನೊಮ್ಮೆ. ಎರಡು ಬೆಟ್ಟದ ನಡುವಿನ ನೀಲಿ ಕೆರೆಯಲ್ಲಿ ಇದು ಎಂದೂ ಸಿಗುವುದಿಲ್ಲ. ಹೋಗಿ ನೋಡಿದವರಿಗೆ ಮಾತ್ರ ಸಿಗುತ್ತದೆ.

ಬೆಳಕು ಬೇಗ ಓಡುತ್ತದೆ ಎಂಬುದೂ ನೆನಪಿರಲಿ. ಎರಡು ಗಂಟೆ ಕಳೆದರೆ ನೆರಳುಗಳೆಲ್ಲ ಜಾಗ ಬದಲಿಸಿರುತ್ತವೆ. ಬಯಲಿನಲ್ಲಿ ಬರೆಯುವವರು ಮೊದಲೇ ನೆರಳಿನ ಆಕಾರ ಗುರುತು ಹಾಕಿಕೊಂಡು, ಬೆಳಕು ಎತ್ತ ಹೋದರೂ ಆ ಗುರುತನ್ನು ಬಿಡುವುದಿಲ್ಲ. ರೆಡೊಂಡೊದಲ್ಲಿ ಮೇ, ಜೂನ್ ತಿಂಗಳುಗಳಲ್ಲಿ ಇನ್ನೊಂದು ತೊಡಕು. ತಣ್ಣನೆಯ ಸಾಗರದ ಮೇಲೆ ಹುಟ್ಟಿದ ಮೋಡದ ಹೊದಿಕೆ ಬೆಳಿಗ್ಗೆ ಊರನ್ನು ಮುಚ್ಚಿ, ಮಧ್ಯಾಹ್ನದವರೆಗೂ ಸರಿಯುವುದಿಲ್ಲ. ಇಲ್ಲಿನವರು ಜೂನ್ ಗ್ಲೂಮ್ ಎನ್ನುತ್ತಾರೆ. ಆಗ ನೆರಳೇ ಇಲ್ಲ. ಮರವೂ ನೀರೂ ಬೂದುಬಣ್ಣದ ಹತ್ತಾರು ಛಾಯೆಗಳಾಗಿ ಕರಗುತ್ತವೆ. ಬಿಸಿಲಿಗಾಗಿ ಕಾಯದೆ ಆ ಬೂದನ್ನೇ ಬರೆಯಲು ಕಲಿತವನಿಗೆ ಈ ಕರಾವಳಿ ನಿಜವಾಗಿ ದಕ್ಕಿತು.

ನಾನು ಬರೆಯುವುದು ಈ ಊರಿನ ಹಾಪ್ಕಿನ್ಸ್ ವೈಲ್ಡರ್‌ನೆಸ್ ಪಾರ್ಕಿನಲ್ಲಿ. ದಿಬ್ಬದ ಮೇಲಿನ ಹನ್ನೊಂದು ಎಕರೆ ಕಾಡು. ಶೀತಲ ಸಮರದ ಕಾಲದಲ್ಲಿ ಅದು ನೈಕಿ ಕ್ಷಿಪಣಿಗಳ ವ್ಯವಸ್ಥೆಗೆ ಸೇರಿದ ಸೇನಾ ನೆಲೆಯಾಗಿತ್ತು. ಸೇನೆ ಹೋದ ಮೇಲೆ ಊರಿನವರು ಅಲ್ಲಿ ಮರ ಬೆಳೆಸಿದರು, ತೊರೆ ಹರಿಸಿದರು, ಕೊಳ ಮಾಡಿದರು. ಶಾಲೆಯ ಮಕ್ಕಳು ಬಂದು ಆಮೆಗಳನ್ನು ನೋಡುತ್ತಾರೆ. ಇದನ್ನು ನೆನೆದಾಗಲೆಲ್ಲ ನನಗೆ ಧೈರ್ಯ ಬರುತ್ತದೆ. ಒಂದೇ ಊರು ಒಂದು ಕಡೆ ಪುರಾತನ ಸರೋವರವನ್ನು ಚಿಮಣಿಗಳಿಗೆ ಕೊಟ್ಟಿತು, ಇನ್ನೊಂದು ಕಡೆ ಯುದ್ಧದ ನೆಲವನ್ನು ಕೊಳಕ್ಕೆ ಕೊಟ್ಟಿತು. ಕಳೆಯುವುದೂ ನಮ್ಮ ಕೈಯಲ್ಲಿದೆ, ಕಟ್ಟುವುದೂ ನಮ್ಮ ಕೈಯಲ್ಲಿದೆ. ಮಾನವ ಮಾಡಿದ ಕೊಳವೆಂದು ಅದನ್ನು ಕೀಳಾಗಿ ಕಾಣಬೇಕಿಲ್ಲ. ನಮ್ಮ ನಾಡಿನ ಕೆರೆಗಳೆಲ್ಲ ಯಾರೋ ಪುಣ್ಯಾತ್ಮರು ಮಣ್ಣು ಹೊತ್ತು ಕಟ್ಟಿಸಿದವೇ ಅಲ್ಲವೇ?

ಆ ಕೆರೆಗಳ ಗತಿ ನಮಗೆಲ್ಲ ಗೊತ್ತು. ಬೆಂಗಳೂರಿನ ಧರ್ಮಾಂಬುಧಿ ಕೆರೆಯಂಗಳದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. ದಿನವೂ ಲಕ್ಷಾಂತರ ಜನ ಆ ಕೆರೆಗಳ ಮೇಲೆ ನಡೆದಾಡುತ್ತಾರೆ. ಅಲ್ಲಿ ನೀರಿದ್ದಾಗ ಏರಿಯ ಮೇಲೆ ಯಾವ ಮರವಿತ್ತೆಂದು ಅವರಲ್ಲಿ ಎಷ್ಟು ಜನ ಹೇಳಿಯಾರು? ಕಂದಾಯದ ದಾಖಲೆಯಲ್ಲಿ ಕೆರೆಗೆ ಸರ್ವೆ ನಂಬರು ಇರುತ್ತದೆ, ವಿಸ್ತೀರ್ಣ ಇರುತ್ತದೆ. ಒತ್ತುವರಿಯ ವಿರುದ್ಧ ಹೋರಾಡಲು ಅವು ಬೇಕೇ ಬೇಕು. ಆದರೆ ಹೋರಾಡುವ ಮನಸ್ಸು ಹುಟ್ಟಬೇಕಾದರೆ ಕೆರೆಯನ್ನು ಯಾರಾದರೂ ಮನಸಾರೆ ನೋಡಿರಬೇಕು. ಒಂದು ಮರದ ಎದುರಿಗೆ ಎರಡು ಗಂಟೆ ಕುಳಿತು ಅದರ ಪ್ರತಿ ಕೊಂಬೆಯ ತಿರುವನ್ನು ಕಣ್ಣಿನಿಂದ ಸವರಿದ ಹುಡುಗಿ, ನಾಳೆ ಅದಕ್ಕೆ ಕೊಡಲಿ ಬಿದ್ದಾಗ ಸುಮ್ಮನಿರುವುದಿಲ್ಲ. ಚಿತ್ರಕಲೆಯಿಂದ ಸಮಾಜಕ್ಕೆ ಏನು ಉಪಯೋಗ ಎಂದು ಕೇಳುವವರಿಗೆ ನನ್ನ ಉತ್ತರ ಇದೇ.

ಅದಕ್ಕೇ ಒಂದು ಕೋರಿಕೆ. ಶಿಕ್ಷಕರೇ, ಮುಂದಿನ ಚಿತ್ರಕಲೆಯ ತರಗತಿಯನ್ನು ಊರಿನ ಕೆರೆಯ ಏರಿಯ ಮೇಲೆ ನಡೆಸಿ. ಎಣ್ಣೆಬಣ್ಣ ಬೇಡ, ಕ್ಯಾನ್ವಾಸು ಬೇಡ. ಪೆನ್ಸಿಲ್ಲು, ನೋಟ್‌ಬುಕ್ಕಿನ ಹಾಳೆ ಸಾಕು. ಕೆರೆಯಲ್ಲಿ ನೀರಿಲ್ಲದಿದ್ದರೆ ಬಿರುಕನ್ನೇ ಬರೆಯಲಿ, ಜೊಂಡು ತುಂಬಿದ್ದರೆ ಜೊಂಡನ್ನೇ ಬರೆಯಲಿ, ನೊರೆ ಬಂದಿದ್ದರೆ ನೊರೆಯನ್ನೇ ಬರೆಯಲಿ. ಚೆನ್ನಾಗಿ ಕಾಣಲೆಂದು ಇಲ್ಲದ ಬೆಟ್ಟ ತರುವುದು ಬೇಡ. ತಂದೆ ತಾಯಂದಿರೇ, ನೀವೂ ಮಕ್ಕಳ ಪಕ್ಕದಲ್ಲಿ ಕುಳಿತು ಒಂದು ಮರ ಬರೆಯಿರಿ. ಕೈ ಪಳಗಿಲ್ಲವೆಂದು ಹಿಂಜರಿಯಬೇಡಿ. ನನ್ನಂತೆ ದೂರದೇಶದಲ್ಲಿ ನೆಲೆಸಿದ ಕನ್ನಡಿಗರೇ, ಊರಿಗೆ ಹೋದಾಗ ನಿಮ್ಮ ಕೆರೆಯ ಮುಂದೆ ಕುಳಿತು ಬರೆಯಿರಿ; ಇಲ್ಲಿರುವಾಗ ಇಲ್ಲಿನ ನೀರನ್ನು, ಇಲ್ಲಿನ ಮರವನ್ನು ಬರೆಯಿರಿ. ಬದುಕುತ್ತಿರುವ ನೆಲವನ್ನು ನೋಡದೆ ಬಿಟ್ಟು ಬಂದ ನೆಲವನ್ನಷ್ಟೇ ಹಂಬಲಿಸಿದರೆ ಎರಡೂ ನಮಗೆ ಮಸುಕಾಗುತ್ತವೆ.

ಬರೆದ ಮೇಲೆ ಹಾಳೆಯ ಹಿಂದೆ ಮೂರು ವಿಷಯ ತಪ್ಪದೆ ನಮೂದಿಸಿ: ಕೆರೆಯ ಹೆಸರು, ಮರದ ಹೆಸರು, ದಿನಾಂಕ. ಮರದ ಹೆಸರು ತಿಳಿಯದಿದ್ದರೆ ಊರಿನ ಹಿರಿಯರನ್ನು ಕೇಳಿ, ಅವರು ಹೇಳುತ್ತಾರೆ. ಹೇಳುವಾಗ ಕೆರೆಯ ಕಥೆಯನ್ನೂ ಹೇಳುತ್ತಾರೆ, ಅದನ್ನೂ ಅಲ್ಲೇ ಬರೆದುಕೊಳ್ಳಿ. ಆ ಹಾಳೆಗಳನ್ನು ಶಾಲೆಯಲ್ಲೋ ಗ್ರಾಮದ ಗ್ರಂಥಾಲಯದಲ್ಲೋ ಜೋಪಾನವಾಗಿಡಿ, ಪ್ರತಿವರ್ಷ ಅದೇ ಜಾಗದಲ್ಲಿ ನಿಂತು ಹೊಸದೊಂದು ಬರೆದು ಅದರ ಜೊತೆ ಸೇರಿಸಿ. ಹತ್ತು ವರ್ಷದ ಹಾಳೆಗಳನ್ನು ಸಾಲಾಗಿ ಜೋಡಿಸಿದಾಗ ನೀರು ಏರಿತೋ ಇಳಿಯಿತೋ, ಮರ ಬೆಳೆಯಿತೋ ಬಿತ್ತೋ ಎಂಬುದು ನಿಮ್ಮ ಊರಿಗೆ ತಾನೇ ತಿಳಿಯುತ್ತದೆ, ಮತ್ತು ಏನು ಮಾಡಬೇಕೆಂಬುದೂ ತಿಳಿಯುತ್ತದೆ. ಈ ಕೆಲಸಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಬರುವ ಭಾನುವಾರವೇ ಶುರುಮಾಡಿ.